ನವೀಕರಣವು ಪದೇ ಪದೇ ನಿಂತುಹೋದಾಗ: ಕಾರಣಶೋಧನೆಯ ಒಂದು ಪಾಠ

1. ಪೀಠಿಕೆ

ಗಣಕಯಂತ್ರವು ಇಂದು ಮಹಾನಗರಗಳ ಸೊತ್ತಾಗಿ ಉಳಿದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಪಟ್ಟಣಗಳ ಶಾಲೆಗಳಲ್ಲಿಯೂ ಪ್ರವೇಶದ ದಾಖಲೆ, ವರ್ಗಾವಣೆ ಪತ್ರ, ವಿದ್ಯಾರ್ಥಿವೇತನದ ಅರ್ಜಿ, ಹತ್ತನೆಯ ತರಗತಿಯ ಪರೀಕ್ಷೆಯ ನೋಂದಣಿ ಮೊದಲಾದ ಕಾರ್ಯಗಳು ಅದರ ಮೂಲಕವೇ ಸಾಗುತ್ತವೆ. ಕಚೇರಿಯ ಒಂದು ಯಂತ್ರ ಕೆಟ್ಟು ಕುಳಿತರೆ, ಬಡವರ ಮನೆಯ ಮಗುವಿನ ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನವು ಕೈತಪ್ಪಿಹೋಗಬಹುದು. ಆದ್ದರಿಂದ ಯಂತ್ರವನ್ನು ನಡೆಸಲು ಕಲಿತಂತೆಯೇ ಅದರ ಆರೋಗ್ಯವನ್ನು ಕಾಯುವ ವಿದ್ಯೆಯನ್ನೂ ನಾವು ಕಲಿಯಬೇಕಾಗಿದೆ.

ಯಂತ್ರವನ್ನು ನಡೆಸುವ ಆಜ್ಞೆಗಳ ಸಮುದಾಯಕ್ಕೆ ತಂತ್ರಾಂಶವೆಂದು ಹೆಸರು. ಅದರಲ್ಲಿ ಕಂಡುಬಂದ ದೋಷಗಳನ್ನು ತಿದ್ದಿ, ತಯಾರಕರು ಕಾಲಕಾಲಕ್ಕೆ ಕಳುಹಿಸುವ ತಿದ್ದುಪಡಿಯೇ ನವೀಕರಣ. ಜನರ ಬಾಯಲ್ಲಿ ಇದು ‘ಅಪ್‌ಡೇಟ್’ ಎಂದೇ ಪ್ರಸಿದ್ಧ. ಕೆಲವೊಮ್ಮೆ ಒಂದೇ ನವೀಕರಣವು ದಿನವೂ ಇಳಿದುಬಂದು, ಶೇಕಡಾ ಇಷ್ಟು ಎಂದು ತೋರಿಸುತ್ತ ಮುಂದೆ ಸಾಗಿ, ಯಾವುದೋ ಒಂದು ಹಂತದಲ್ಲಿ ನಿಂತು, ಮಾಡಿದ ಬದಲಾವಣೆಗಳನ್ನೆಲ್ಲ ತಾನೇ ಹಿಂದಕ್ಕೆ ಪಡೆದು, ಮರುದಿನ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಆಗ ಬಳಕೆದಾರರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು, ‘ಮರಳಿ ಯತ್ನಿಸು’ ಎಂಬ ಗುಂಡಿಯನ್ನು ಬೇಸರವಿಲ್ಲದೆ ಒತ್ತುತ್ತಿರುವುದು. ಎರಡನೆಯದು, ಬೇಸತ್ತು ನವೀಕರಣದ ವ್ಯವಸ್ಥೆಯನ್ನೇ ಶಾಶ್ವತವಾಗಿ ಮುಚ್ಚಿಬಿಡುವುದು. ಇವೆರಡೂ ತಪ್ಪು ದಾರಿಗಳೆಂಬುದನ್ನೂ, ಕಾರಣವನ್ನು ಹುಡುಕುವ ಮೂರನೆಯ ದಾರಿಯೊಂದು ಇದೆಯೆಂಬುದನ್ನೂ ಪ್ರಸ್ತುತ ಪಾಠದಲ್ಲಿ ವಿವೇಚಿಸೋಣ. ಶಾಲೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಂಡೋಸ್ ವ್ಯವಸ್ಥೆಯನ್ನೇ ಇಲ್ಲಿ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

2. ನವೀಕರಣದ ಅವಶ್ಯಕತೆ

ನವೀಕರಣವನ್ನು ಮುಚ್ಚಿದರೆ ಆಗುವ ನಷ್ಟವೇನು ಎಂಬ ಪ್ರಶ್ನೆಗೆ ಇತಿಹಾಸವೇ ಉತ್ತರ ನೀಡಿದೆ. 2017ನೆಯ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನಲ್ಲಿದ್ದ ಒಂದು ಗಂಭೀರ ದೋಷಕ್ಕೆ ತಿದ್ದುಪಡಿಯನ್ನು ಪ್ರಕಟಿಸಿತು. ಅದೇ ವರ್ಷದ ಮೇ 12ರಂದು, ಎಂದರೆ 59 ದಿನಗಳ ತರುವಾಯ, ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವು ಅದೇ ದೋಷದ ಬಾಗಿಲಿನಿಂದ ನುಗ್ಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಗಣಕಯಂತ್ರಗಳ ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯಸೇವೆಯಲ್ಲಿ ಅಂದಾಜು 19 ಸಾವಿರ ರೋಗಿಗಳ ಭೇಟಿಗಳು ರದ್ದಾದವು. ಬೀಗ ಸಿದ್ಧವಾಗಿತ್ತು, ಅದನ್ನು ಬಾಗಿಲಿಗೆ ಹಾಕದವರ ಮನೆಗೆ ಕಳ್ಳ ಹೊಕ್ಕನು. ಶಾಲೆಯ ಯಂತ್ರದಲ್ಲಿ ನೂರಾರು ಮಕ್ಕಳ ಹೆಸರು, ಜನ್ಮದಿನಾಂಕ, ಬ್ಯಾಂಕು ಖಾತೆಯ ವಿವರಗಳು ಇರುವುದರಿಂದ ಈ ಎಚ್ಚರಿಕೆಯು ನಮಗೂ ಸಲ್ಲುತ್ತದೆ.

3. ನವೀಕರಣವು ಸಾಗಿಬರುವ ಹಾದಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಸೀಮೆಯ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ತಿಳಿಸುವುದು ಸುಲಭ. ಕೊನೆಭಾಗದ ರೈತನ ಗದ್ದೆಗೆ ನೀರು ಬರದಿದ್ದಾಗ, ಅವನು ಗದ್ದೆಯ ಬದುವಿನ ಮೇಲೆ ನಿಂತು ಕಾಯುತ್ತ ಕುಳಿತರೆ ಫಲವಿಲ್ಲ. ಹೊಲಗಾಲುವೆಯಲ್ಲಿ ಹೂಳು ತುಂಬಿದೆಯೇ, ತೂಬು ಮುಚ್ಚಿದೆಯೇ, ವಿತರಣಾ ಕಾಲುವೆಗೆ ನೀರು ಬಿಟ್ಟಿದ್ದಾರೆಯೇ, ಮುಖ್ಯ ಕಾಲುವೆಯಲ್ಲಿಯೇ ನೀರು ನಿಂತಿದೆಯೇ ಎಂದು ಕ್ರಮವಾಗಿ ನಡೆದು ನೋಡಬೇಕು. ನೀರು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಂದ ಮುಂದಕ್ಕೆ ತಡೆ ಇದೆಯೆಂದು ಅರ್ಥ.

ನವೀಕರಣಕ್ಕೂ ಇಂತಹ ಐದು ಹಂತಗಳುಂಟು. ಮೊದಲನೆಯದಾಗಿ, ಯಂತ್ರವು ತಯಾರಕರ ಕೇಂದ್ರವನ್ನು ಸಂಪರ್ಕಿಸಿ ತನಗೆ ಬೇಕಾದುದು ಯಾವುದೆಂದು ಕೇಳುತ್ತದೆ. ಎರಡನೆಯದಾಗಿ, ಅದನ್ನು ಅಂತರಜಾಲದ ಮೂಲಕ ಇಳಿಸಿಕೊಳ್ಳುತ್ತದೆ. ಮೂರನೆಯದಾಗಿ, ಇಳಿದುಬಂದುದು ನಿಜವಾದ ತಯಾರಕರದೇ, ಹಾದಿಯಲ್ಲಿ ಕೆಡದೆ ಬಂದಿದೆಯೇ ಎಂದು ಪರೀಕ್ಷಿಸುತ್ತದೆ. ನಾಲ್ಕನೆಯದಾಗಿ, ಹಳೆಯ ಕಡತಗಳ ಸ್ಥಾನದಲ್ಲಿ ಹೊಸವನ್ನು ಇಡಲು ಸಿದ್ಧಪಡಿಸಿಕೊಳ್ಳುತ್ತದೆ. ಐದನೆಯದಾಗಿ, ಯಂತ್ರವು ಮರುಚಾಲನೆಗೊಂಡಾಗ ಬದಲಾವಣೆಯನ್ನು ಸ್ಥಿರಗೊಳಿಸುತ್ತದೆ. ಐದರಲ್ಲಿ ಒಂದು ಹಂತ ಕೆಟ್ಟರೂ ಯಂತ್ರವು ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಹಿಮ್ಮರಳುವಿಕೆಯು ಅರೆಬರೆಯಾದ ತಂತ್ರಾಂಶದಿಂದ ಯಂತ್ರವು ಪೂರ್ಣ ಸ್ತಬ್ಧವಾಗದಂತೆ ಮಾಡಿದ ರಕ್ಷಣೆಯೆಂದು ತಿಳಿಯಬೇಕು. ಆ ಸಮಯದಲ್ಲಿ ಗಾಬರಿಗೊಂಡು ವಿದ್ಯುತ್ತನ್ನು ಕಡಿಯಬಾರದು.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ ಇದು: ನವೀಕರಣವು ಯಾವ ಹಂತದಲ್ಲಿ ನಿಲ್ಲುತ್ತಿದೆ? ಇಳಿಸಿಕೊಳ್ಳುವಾಗಲೇ ನಿಂತರೆ ಜಾಲವನ್ನೂ ಗಡಿಯಾರವನ್ನೂ ನೋಡಬೇಕು. ಅಳವಡಿಸುವಾಗ ನಿಂತರೆ ಸ್ಥಳವನ್ನೂ ಕಡತಗಳನ್ನೂ ನೋಡಬೇಕು. ಮರುಚಾಲನೆಯ ತರುವಾಯ ಹಿಂದಿರುಗಿದರೆ ಹೊರಗಿನಿಂದ ಜೋಡಿಸಿದ ಸಾಧನಗಳನ್ನೂ, ಅವುಗಳ ಚಾಲಕ ತಂತ್ರಾಂಶಗಳನ್ನೂ, ಹೊರಗಿನ ವೈರಸ್‌ನಿರೋಧಕವನ್ನೂ ಶಂಕಿಸಬೇಕು.

4. ದೋಷಸಂಖ್ಯೆಯನ್ನು ಓದುವ ಬಗೆ

ನವೀಕರಣವು ವಿಫಲವಾದಾಗ ಯಂತ್ರವು ಮೌನವಾಗಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಎಂಬಲ್ಲಿಗೆ ಹೋಗಿ ‘ಅಪ್‌ಡೇಟ್ ಹಿಸ್ಟರಿ’ಯನ್ನು ತೆರೆದರೆ, ವಿಫಲವಾದ ನವೀಕರಣದ ಹೆಸರೂ ಅದರ ದೋಷಸಂಖ್ಯೆಯೂ ದೊರೆಯುತ್ತವೆ. ‘0ಎಕ್ಸ್’ ಎಂದು ಆರಂಭವಾಗುವ ಈ ಸಂಖ್ಯೆಯನ್ನು ಕಂಡು ಅನೇಕರು ಹಿಂಜರಿಯುತ್ತಾರೆ. ಗಣಿತದ ವಿದ್ಯಾರ್ಥಿಗೆ ಇದರಲ್ಲಿ ಭಯಪಡುವಂಥದೇನೂ ಇಲ್ಲ.

‘0ಎಕ್ಸ್’ ಎಂಬುದು ಮುಂದಿನ ಸಂಖ್ಯೆಯು ಹದಿನಾರರ ಮಾನದಲ್ಲಿದೆ ಎಂಬುದರ ಸೂಚನೆ. ಈ ಮಾನದಲ್ಲಿ ಒಂಬತ್ತರ ಮುಂದೆ ಹತ್ತರಿಂದ ಹದಿನೈದರವರೆಗಿನ ಬೆಲೆಗಳಿಗೆ ಎ ಇಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳನ್ನು ಬಳಸುತ್ತಾರೆ. ಸಂಖ್ಯೆಯ ಆರಂಭದಲ್ಲಿ 8007 ಎಂದಿದ್ದರೆ, ದೋಷವು ವಿಂಡೋಸ್‌ನ ಮೂಲ ದೋಷಪಟ್ಟಿಗೆ ಸೇರಿದುದೆಂದು ತಿಳಿಯಬೇಕು. ಕೊನೆಯ ನಾಲ್ಕು ಸ್ಥಾನಗಳಲ್ಲಿ ಆ ಪಟ್ಟಿಯ ಕ್ರಮಸಂಖ್ಯೆ ಇರುತ್ತದೆ.

ಉದಾಹರಣೆಗೆ 0ಎಕ್ಸ್80070070 ಎಂಬುದನ್ನು ನೋಡೋಣ. ಕೊನೆಯ ಭಾಗ 0070. ಏಳನ್ನು ಹದಿನಾರರಿಂದ ಗುಣಿಸಿದರೆ 112. ವಿಂಡೋಸ್‌ನ ಪಟ್ಟಿಯಲ್ಲಿ 112ನೆಯ ದೋಷವೆಂದರೆ ‘ತಟ್ಟೆಯಲ್ಲಿ ಸ್ಥಳವಿಲ್ಲ’ ಎಂದು. ಹಾಗೆಯೇ 0005 ಎಂದಿದ್ದರೆ ‘ಪ್ರವೇಶದ ಅನುಮತಿ ಇಲ್ಲ’. 0002 ಎಂದಿದ್ದರೆ ‘ಕಡತ ಸಿಗಲಿಲ್ಲ’. 0643 ಎಂಬುದನ್ನು ಬಿಡಿಸಿದರೆ 6×256 + 4×16 + 3, ಎಂದರೆ 1603. ‘ಅಳವಡಿಕೆ ವಿಫಲವಾಯಿತು’ ಎಂದು ಅದರ ಅರ್ಥ. 2ಎಫ್8ಎಫ್ ಎಂಬುದು 2×4096 + 15×256 + 8×16 + 15, ಎಂದರೆ 12175. ಸುರಕ್ಷಿತ ಸಂಪರ್ಕ ಏರ್ಪಡಲಿಲ್ಲವೆಂದು ಇದರ ಸೂಚನೆ. ಹೀಗೆ ಬಿಡಿಸಿ ನೋಡಿದಾಗ, ಅರ್ಥಹೀನವೆಂದು ತೋರಿದ ಸಂಖ್ಯೆಯು ನಮ್ಮೊಡನೆ ಮಾತನಾಡತೊಡಗುತ್ತದೆ.

5. ಸಾಮಾನ್ಯ ಕಾರಣಗಳೂ ಪರಿಹಾರಗಳೂ

(ಅ) ಸ್ಥಳದ ಅಭಾವ. ನವೀಕರಣದ ಕಾಲದಲ್ಲಿ ಹಳೆಯ ಕಡತಗಳೂ ಹೊಸ ಕಡತಗಳೂ ಕೆಲಕಾಲ ಒಟ್ಟಿಗೆ ಇರಬೇಕಾಗುತ್ತದೆ. ಸಣ್ಣ ನವೀಕರಣಕ್ಕೆ ಕೆಲವು ಗಿಗಾಬೈಟ್ ಸಾಕಾದರೂ, ವ್ಯವಸ್ಥೆಯ ಆವೃತ್ತಿಯೇ ಬದಲಾಗುವಾಗ ಸುಮಾರು 20 ಗಿಗಾಬೈಟ್ ಬಿಡುವಾಗಿರುವುದು ಕ್ಷೇಮ. ಸಮಾರಂಭಗಳ ಚಲನಚಿತ್ರಗಳು, ಒಂದೇ ಛಾಯಾಚಿತ್ರದ ಹತ್ತು ಪ್ರತಿಗಳು ‘ಸಿ’ ವಿಭಾಗವನ್ನು ತುಂಬಿಕೊಂಡಿರುವುದು ಶಾಲೆಗಳಲ್ಲಿ ಸಾಮಾನ್ಯ ದೃಶ್ಯ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣದಂಪತಿಗಳ ಕಥೆ ನಮ್ಮ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿಗೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆ ತಾಯಿ ತಿಳಿಹೇಳಿದಳು. ಅಗತ್ಯಕ್ಕೆ ಮೀರಿದ ಸಂಗ್ರಹವು ಭಾರವೆಂಬ ಆ ವಿವೇಕವು ಗಣಕದ ತಟ್ಟೆಗೂ ಅನ್ವಯಿಸುತ್ತದೆ. ದೊಡ್ಡ ಕಡತಗಳನ್ನು ಹೊರಗಿನ ತಟ್ಟೆಗೆ ಸಾಗಿಸಿ, ತಾತ್ಕಾಲಿಕ ಕಡತಗಳನ್ನು ತೆಗೆದುಹಾಕಿ ಮತ್ತೆ ಪ್ರಯತ್ನಿಸತಕ್ಕದ್ದು.

(ಆ) ಗಡಿಯಾರದ ದೋಷ. ಹಳೆಯ ಯಂತ್ರಗಳಲ್ಲಿ ಇದು ತುಂಬ ಕಾಡುವ, ಆದರೆ ಯಾರೂ ಶಂಕಿಸದ ಕಾರಣ. ಯಂತ್ರದ ಒಳಗೆ ನಾಣ್ಯದಂತಹ ಒಂದು ಪುಟ್ಟ ಬ್ಯಾಟರಿ ಇದೆ. ಬಹುಮಟ್ಟಿಗೆ ಸಿಆರ್ 2032 ಎಂಬ ಬಗೆಯದು, ಮೂರು ವೋಲ್ಟಿನದು. ವಿದ್ಯುತ್ತು ಇಲ್ಲದಾಗಲೂ ದಿನಾಂಕವನ್ನು ಕಾಯುವುದು ಅದರ ಕೆಲಸ. ಅದು ಬರಿದಾದರೆ, ಪ್ರತಿಸಲ ಯಂತ್ರವನ್ನು ಆರಂಭಿಸಿದಾಗ ದಿನಾಂಕವು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ.

ದಿನಾಂಕಕ್ಕೂ ನವೀಕರಣಕ್ಕೂ ಏನು ಸಂಬಂಧ? ಇದನ್ನು ಮಸ್ಕಿಯ ಶಾಸನದ ದೃಷ್ಟಾಂತದಿಂದ ತಿಳಿಯಬಹುದು. ಅದಕ್ಕೆ ಮೊದಲು ದೊರೆತಿದ್ದ ಶಾಸನಗಳಲ್ಲಿ ದೊರೆಯ ಬಿರುದುಗಳು ಮಾತ್ರ ಇದ್ದವು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಮಸ್ಕಿಯಲ್ಲಿ ಕಂಡ ಶಿಲಾಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ, ಆ ಶಾಸನಗಳೆಲ್ಲ ಯಾರವು ಎಂಬುದು ನಿಸ್ಸಂದೇಹವಾಯಿತು. ಮಾತು ಯಾರದೆಂದು ತಿಳಿಯದೆ ಅದನ್ನು ನಂಬುವುದು ಹೇಗೆ? ಗಣಕವೂ ಹೀಗೆಯೇ, ನವೀಕರಣವನ್ನು ಕಳುಹಿಸುವವರ ಗುರುತಿನ ಪತ್ರವನ್ನು ಪರಿಶೀಲಿಸಿದ ಮೇಲೆಯೇ ಅದನ್ನು ಸ್ವೀಕರಿಸುತ್ತದೆ. ಆ ಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಯಂತ್ರದ ದಿನಾಂಕವು ಹತ್ತು ವರ್ಷ ಹಿಂದಿದ್ದರೆ, ‘ಈ ಪತ್ರದ ಅವಧಿ ಇನ್ನೂ ಆರಂಭವೇ ಆಗಿಲ್ಲ’ ಎಂದು ಅದು ಭಾವಿಸಿ ಬಾಗಿಲು ಮುಚ್ಚುತ್ತದೆ. ಮೇಲೆ ಹೇಳಿದ 2ಎಫ್8ಎಫ್ ಎಂಬ ದೋಷವು ಬಹಳ ಸಲ ಇದರಿಂದಲೇ ಹುಟ್ಟುತ್ತದೆ. ದಿನಾಂಕವನ್ನು ಸರಿಪಡಿಸಿ ಬ್ಯಾಟರಿಯನ್ನು ಬದಲಿಸಿದರೆ ಸಾಕು.

(ಇ) ಜಾಲದ ಅಡಚಣೆ. ಶಿಕ್ಷಕರ ಮೊಬೈಲ್ ಫೋನಿನ ಹಾಟ್‌ಸ್ಪಾಟ್‌ನಿಂದ ಯಂತ್ರವನ್ನು ಜಾಲಕ್ಕೆ ಜೋಡಿಸುವ ರೂಢಿಯುಂಟು. ಅಂತಹ ಸಂಪರ್ಕವನ್ನು ಮಿತ ಬಳಕೆಯದೆಂದು ಗುರುತಿಸಿದ್ದರೆ, ವಿಂಡೋಸ್ ಹೆಚ್ಚಿನ ನವೀಕರಣಗಳನ್ನು ತಾನಾಗಿ ಇಳಿಸುವುದಿಲ್ಲ. ಸಂಪರ್ಕವು ಮಧ್ಯೆ ಮಧ್ಯೆ ಕಡಿಯುತ್ತಿದ್ದರೆ, ಬೇಕಾದ ನವೀಕರಣವನ್ನು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಅಧಿಕೃತ ತಾಣದಿಂದ ಬೇರೊಂದು ಯಂತ್ರದಲ್ಲಿ ಇಳಿಸಿ, ಪೆನ್‌ಡ್ರೈವ್‌ನಲ್ಲಿ ತಂದು ಅಳವಡಿಸಬಹುದು. ಅಪರಿಚಿತ ತಾಣಗಳಿಂದ ಎಂದಿಗೂ ಇಳಿಸಬಾರದು.

(ಈ) ಕೆಟ್ಟ ಕಡತಗಳು. ಇಳಿಯುತ್ತಿದ್ದಾಗ ವಿದ್ಯುತ್ತು ಹೋದರೆ, ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್’ ಎಂಬ ಕಡತಕೋಶದಲ್ಲಿ ಅರೆಬರೆ ತುಣುಕುಗಳು ಉಳಿದು ಮುಂದಿನ ಪ್ರಯತ್ನವನ್ನೂ ಕೆಡಿಸಬಹುದು. ನವೀಕರಣದ ಸೇವೆಯನ್ನೂ, ಹಿನ್ನೆಲೆಯಲ್ಲಿ ಕಡತಗಳನ್ನು ಇಳಿಸುವ ಬಿಟ್ಸ್ ಎಂಬ ಸೇವೆಯನ್ನೂ ನಿಲ್ಲಿಸಿ, ಆ ಕೋಶಕ್ಕೆ ಬೇರೆ ಹೆಸರಿಟ್ಟು ಮತ್ತೆ ಸೇವೆಗಳನ್ನು ಆರಂಭಿಸಿದರೆ, ವ್ಯವಸ್ಥೆಯು ಹೊಸ ಕೋಶವನ್ನು ತಾನೇ ನಿರ್ಮಿಸಿಕೊಳ್ಳುತ್ತದೆ. ಹೀಗೆ ಮಾಡುವಾಗ ಹಳೆಯ ಇತಿಹಾಸವು ಅಳಿಸಿಹೋಗಬಹುದಾದ್ದರಿಂದ ದೋಷಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ವಿಂಡೋಸ್‌ನ ಸ್ವಂತ ಕಡತಗಳೇ ಕೆಟ್ಟಿದ್ದರೆ ಎರಡು ಉಪಕರಣಗಳಿವೆ. ಮೊದಲು ಡಿಐಎಸ್‌ಎಂ ಉಪಕರಣದ ‘ರಿಸ್ಟೋರ್ ಹೆಲ್ತ್’ ಆಜ್ಞೆಯನ್ನೂ, ಅನಂತರ ಎಸ್‌ಎಫ್‌ಸಿ ಉಪಕರಣದ ‘ಸ್ಕ್ಯಾನ್ ನೌ’ ಆಜ್ಞೆಯನ್ನೂ ಬಳಸಬೇಕು. ಈ ಕ್ರಮಕ್ಕೆ ಕಾರಣವಿದೆ. ಎರಡನೆಯದು ಕೆಟ್ಟ ಕಡತದ ಸ್ಥಾನಕ್ಕೆ ಒಳ್ಳೆಯ ಪ್ರತಿಯನ್ನು ವ್ಯವಸ್ಥೆಯ ಉಗ್ರಾಣದಿಂದ ತರುತ್ತದೆ. ಮೊದಲನೆಯದು ಆ ಉಗ್ರಾಣವನ್ನೇ ಸರಿಪಡಿಸುತ್ತದೆ. ಉಗ್ರಾಣದ ಬೀಜವೇ ಹುಳ ಹಿಡಿದಿದ್ದರೆ ಮರುಬಿತ್ತನೆಯಿಂದ ಪ್ರಯೋಜನವೇನು?

6. ಒಂದು ನಿದರ್ಶನ: 2024ರ ಜನವರಿಯ ಪ್ರಸಂಗ

2024ನೆಯ ಜನವರಿ 9ರಂದು ವಿಂಡೋಸ್ 10ಕ್ಕಾಗಿ ಕೆಬಿ 5034441 ಎಂಬ ಭದ್ರತಾ ನವೀಕರಣವು ಪ್ರಕಟವಾಯಿತು. ಲೋಕದ ಅನೇಕ ಕಡೆ ಅದು ದಿನವೂ ಇಳಿದು ದಿನವೂ ವಿಫಲವಾಯಿತು. ಪರದೆಯ ಮೇಲೆ ಕಂಡ ಸಂಖ್ಯೆ 0ಎಕ್ಸ್80070643. ನಾವು ಮೇಲೆ ಬಿಡಿಸಿದಂತೆ ‘ಅಳವಡಿಕೆ ವಿಫಲ’ ಎಂದಷ್ಟೇ ಇದರ ಅರ್ಥ. ಏಕೆ ವಿಫಲ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಬಳಕೆದಾರರು ಜಾಲವನ್ನು ಪರೀಕ್ಷಿಸಿದರು, ಕಡತಕೋಶಗಳನ್ನು ಶುದ್ಧಗೊಳಿಸಿದರು, ಕೆಲವರು ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಅಳವಡಿಸಿದರು.

ನಿಜವಾದ ಕಾರಣ ಬೇರೆಯಾಗಿತ್ತು. ಯಂತ್ರವು ಕೆಟ್ಟಾಗ ಅದನ್ನು ಎಬ್ಬಿಸಲು ವಿಂಡೋಸ್ ಒಂದು ಚಿಕ್ಕ ‘ಪುನಶ್ಚೇತನ ವಿಭಾಗ’ವನ್ನು ತಟ್ಟೆಯಲ್ಲಿ ಪ್ರತ್ಯೇಕವಾಗಿ ಇಟ್ಟಿರುತ್ತದೆ. ಈ ನವೀಕರಣವು ಆ ವಿಭಾಗವನ್ನು ತಿದ್ದಬೇಕಾಗಿತ್ತು. ಅದಕ್ಕೆ ಅಲ್ಲಿ 250 ಮೆಗಾಬೈಟ್ ಬಿಡುವಿರಬೇಕಾಗಿತ್ತು. ಅನೇಕ ಯಂತ್ರಗಳಲ್ಲಿ ವಿಭಾಗವನ್ನು ಮಾಡಿದ್ದೇ ಚಿಕ್ಕದಾಗಿ. ‘ಸಿ’ ವಿಭಾಗದಲ್ಲಿ ನೂರು ಗಿಗಾಬೈಟ್ ಬಿಡುವಿದ್ದರೂ, ಬೇಕಾದ ಜಾಗದಲ್ಲಿ ಕಾಲು ಗಿಗಾಬೈಟ್ ಇರಲಿಲ್ಲ. ಊರ ಕೆರೆ ತುಂಬಿದ್ದರೂ ಮನೆಯ ಕೊಡ ಚಿಕ್ಕದಾದಂತೆ. ಇಷ್ಟೇ ಅಲ್ಲ, ‘ಸ್ಥಳ ಸಾಲದು’ ಎಂಬ ಸರಿಯಾದ ದೋಷಸಂಖ್ಯೆಯ ಬದಲು 0643 ತೋರಿದ್ದು ದೋಷವನ್ನು ವರದಿ ಮಾಡುವ ಭಾಗದಲ್ಲಿದ್ದ ತಪ್ಪಿನಿಂದ ಎಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಒಪ್ಪಿಕೊಂಡು, ವಿಭಾಗವನ್ನು ಕೈಯಿಂದ ಹಿಗ್ಗಿಸುವ ವಿಧಾನವನ್ನು ಪ್ರಕಟಿಸಿತು. ತಟ್ಟೆಯ ವಿಭಾಗಗಳನ್ನು ಕತ್ತರಿಸಿ ಜೋಡಿಸುವ ಈ ಕಾರ್ಯದಲ್ಲಿ ಒಂದು ತಪ್ಪು ಹೆಜ್ಜೆಯೂ ಎಲ್ಲ ದಾಖಲೆಗಳನ್ನು ಅಳಿಸಬಲ್ಲದು. ಬಲ್ಲವರ ಕೈಯಲ್ಲದೆ ಇದನ್ನು ಮಾಡಿಸಬಾರದು.

ಈ ಪ್ರಸಂಗದಿಂದ ಕಲಿಯಬೇಕಾದುದು ಎರಡು ಮಾತು. ದೋಷಸಂಖ್ಯೆಯು ಸಾಕ್ಷಿಯ ಹೇಳಿಕೆಯಿದ್ದಂತೆ; ಅದನ್ನು ಕೇಳಬೇಕು, ಬೇರೆ ಸಾಕ್ಷಿಗಳೊಡನೆ ತಾಳೆ ನೋಡಬೇಕು, ಅದರ ಮೇಲೆಯೇ ತೀರ್ಪು ಬರೆಯಬಾರದು. ಎರಡನೆಯದಾಗಿ, ಸಂಖ್ಯೆಯ ಜೊತೆಗೆ ನವೀಕರಣದ ಕೆಬಿ ಸಂಖ್ಯೆಯನ್ನೂ ಗುರುತಿಸಿಕೊಂಡು, ಆ ನವೀಕರಣದ ಬಗ್ಗೆ ತಯಾರಕರು ಪ್ರಕಟಿಸಿರುವ ತಿಳಿವಳಿಕೆಯನ್ನು ಮೊದಲು ಓದಬೇಕು.

7. ನವೀಕರಣದಲ್ಲಿಯೇ ದೋಷವಿದ್ದರೆ

ಬಂದ ಔಷಧವೇ ಕೆಟ್ಟಿರುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ದೋಷಯುಕ್ತ ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಆದ್ದರಿಂದ ಶಾಲೆಯಲ್ಲಿ ಹಲವು ಯಂತ್ರಗಳಿದ್ದರೆ, ಮೊದಲು ಪ್ರಯೋಗಾಲಯದ ಒಂದು ಯಂತ್ರಕ್ಕೆ ನವೀಕರಣವನ್ನು ಅಳವಡಿಸಿ, ಅದು ಎರಡು ಮೂರು ದಿನ ಸುಗಮವಾಗಿ ನಡೆದ ಮೇಲೆ ಕಚೇರಿಯ ಯಂತ್ರಕ್ಕೆ ಅಳವಡಿಸುವುದು ಜಾಣತನ.

ಯಂತ್ರದ ವಯಸ್ಸು ಮುಗಿದಿರುವ ಸಂದರ್ಭವೂ ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಘಟಕ, ಅಂಗೀಕೃತ ಸಂಸ್ಕಾರಕ ಇವೆಲ್ಲ ಬೇಕು. ಇವಿಲ್ಲದ ಯಂತ್ರದಲ್ಲಿ ಆ ಮೇಲ್ದರ್ಜೆಯ ಅಳವಡಿಕೆಯನ್ನು ನೂರು ಸಲ ಯತ್ನಿಸಿದರೂ ವ್ಯವಸ್ಥೆಯು ಒಪ್ಪುವುದಿಲ್ಲ. ಅಂತಹ ಹಳೆಯ ಯಂತ್ರಕ್ಕೆ ಉಬುಂಟುವಿನಂತಹ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದರೆ ಅದು ಮಕ್ಕಳ ಕಲಿಕೆಗೆ ಇನ್ನೂ ಕೆಲವು ವರ್ಷ ನೆರವಾಗಬಲ್ಲದು. ಕಚೇರಿಯ ಯಂತ್ರವಾದರೆ, ಅದರಲ್ಲಿ ಬಳಸುವ ಕನ್ನಡ ತಂತ್ರಾಂಶವೂ ಮುದ್ರಣಯಂತ್ರವೂ ಹೊಸ ವ್ಯವಸ್ಥೆಯಲ್ಲಿ ನಡೆಯುತ್ತವೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು.

8. ಅನುಸರಿಸಬೇಕಾದ ಕ್ರಮ

ಮೇಲಿನ ವಿವೇಚನೆಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು:

1. ಮೊದಲು ಮುಖ್ಯ ದಾಖಲೆಗಳ ಪ್ರತಿಯನ್ನು ಹೊರಗಿನ ತಟ್ಟೆಯಲ್ಲಿ ತೆಗೆದಿಡುವುದು.
2. ಒಂದು ನೋಟುಪುಸ್ತಕದಲ್ಲಿ ದಿನಾಂಕ, ನವೀಕರಣದ ಕೆಬಿ ಸಂಖ್ಯೆ, ದೋಷಸಂಖ್ಯೆ, ನಿಂತ ಹಂತ ಇವನ್ನು ಬರೆಯುವುದು.
3. ಯಂತ್ರವನ್ನು ಒಮ್ಮೆ ಪೂರ್ಣವಾಗಿ ಮರುಚಾಲನೆ ಮಾಡಿ, ದಿನಾಂಕ, ಬಿಡುವಾದ ಸ್ಥಳ, ಜಾಲಸಂಪರ್ಕ ಈ ಮೂರನ್ನು ನೋಡುವುದು.
4. ಅನಾವಶ್ಯಕವಾದ ಹೊರಸಾಧನಗಳನ್ನು ಕಳಚಿ, ವ್ಯವಸ್ಥೆಯಲ್ಲಿಯೇ ಇರುವ ದೋಷಪರಿಹಾರಕವನ್ನು ನಡೆಸುವುದು.
5. ಆ ನವೀಕರಣದ ಬಗ್ಗೆ ತಯಾರಕರ ಪ್ರಕಟಣೆಯನ್ನು ಓದುವುದು.
6. ಕಡತಕೋಶದ ಹೆಸರು ಬದಲಿಸುವುದು. ತರುವಾಯ ಡಿಐಎಸ್‌ಎಂ, ಎಸ್‌ಎಫ್‌ಸಿ ಉಪಕರಣಗಳನ್ನು ಈ ಕ್ರಮದಲ್ಲಿಯೇ ಬಳಸುವುದು.
7. ಅಧಿಕೃತ ತಾಣದಿಂದ ಇಳಿಸಿ ಕೈಯಿಂದ ಅಳವಡಿಸುವುದು.
8. ಇದಾವುದೂ ಫಲಿಸದಿದ್ದರೆ ನೋಟುಪುಸ್ತಕದೊಡನೆ ತಜ್ಞರ ಬಳಿಗೆ ಹೋಗುವುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲವನ್ನು ನೋಡಬೇಕೆಂಬುದು ಇಲ್ಲಿಯ ಮುಖ್ಯ ನಿಯಮ. ಐದು ಉಪಾಯಗಳನ್ನು ಒಮ್ಮೆಗೇ ಮಾಡಿದಾಗ ಯಂತ್ರವು ಸರಿಹೋದರೂ, ಯಾವುದರಿಂದ ಸರಿಹೋಯಿತೆಂದು ತಿಳಿಯದು. ಮುಂದಿನ ಸಲ ಮತ್ತೆ ಕತ್ತಲೆಯೇ.

9. ಉಪಸಂಹಾರ

ಶರಣರು ಕಾಯಕಕ್ಕೆ ಕೊಟ್ಟ ಗೌರವವು ಕಾಯಕದ ಸಲಕರಣೆಗೂ ಸಲ್ಲುತ್ತದೆ. ನೇಕಾರನು ಮಗ್ಗವನ್ನೂ ಒಕ್ಕಲಿಗನು ನೇಗಿಲನ್ನೂ ಸುಸ್ಥಿತಿಯಲ್ಲಿಡುವಂತೆ, ಇಂದಿನ ವಿದ್ಯಾರ್ಥಿಯು ಗಣಕಯಂತ್ರವನ್ನು ಇಡಲು ಕಲಿಯಬೇಕು. ಯಂತ್ರವು ಹಟ ಮಾಡುವುದಿಲ್ಲ, ಮುನಿಯುವುದೂ ಇಲ್ಲ. ಅದು ನಿಂತಿದ್ದರೆ ಒಂದು ಕಾರಣವಿದ್ದೇ ಇರುತ್ತದೆ. ಆ ಕಾರಣವನ್ನು ಸಹನೆಯಿಂದ ಹುಡುಕುವವನಿಗೆ ದೂರದ ನಗರದ ತಜ್ಞನ ದಾರಿಯನ್ನು ಪ್ರತಿಸಲವೂ ಕಾಯುವ ಅವಸ್ಥೆ ಬರುವುದಿಲ್ಲ. ಕಾಲುವೆಯ ಕೊನೆಭಾಗದವರಾದ ನಮಗೆ ಈ ಸ್ವಾವಲಂಬನೆಯ ಬೆಲೆ ಚೆನ್ನಾಗಿ ಗೊತ್ತಿದೆ. ನಮ್ಮ ಶಾಲೆಯ ಪ್ರತಿಯೊಂದು ಗಣಕದ ಪಕ್ಕದಲ್ಲಿಯೂ ಒಂದು ನೋಟುಪುಸ್ತಕವು ತೆರೆದಿರಲಿ; ಇಂದಿನ ವಿದ್ಯಾರ್ಥಿ ಬರೆದಿಟ್ಟ ಸಾಲು ನಾಳಿನ ವಿದ್ಯಾರ್ಥಿಗೆ ದಾರಿ ತೋರಲಿ.

ಅಭ್ಯಾಸ

1. ನವೀಕರಣದ ಐದು ಹಂತಗಳನ್ನು ಕಾಲುವೆಯ ಹೋಲಿಕೆಯೊಡನೆ ವಿವರಿಸಿರಿ.
2. 0ಎಕ್ಸ್80070070 ಎಂಬ ದೋಷಸಂಖ್ಯೆಯ ಕೊನೆಯ ನಾಲ್ಕು ಸ್ಥಾನಗಳನ್ನು ದಶಮಾನಕ್ಕೆ ಪರಿವರ್ತಿಸಿ ಅರ್ಥವನ್ನು ಬರೆಯಿರಿ.
3. ಗಣಕದ ದಿನಾಂಕ ತಪ್ಪಿದ್ದರೆ ನವೀಕರಣವು ಏಕೆ ವಿಫಲವಾಗುತ್ತದೆ?
4. ನಿಮ್ಮ ಶಾಲೆಯ ಒಂದು ಗಣಕದಲ್ಲಿ ಅಪ್‌ಡೇಟ್ ಹಿಸ್ಟರಿಯನ್ನು ತೆರೆದು, ವಿಫಲವಾದ ನವೀಕರಣಗಳಿದ್ದರೆ ಅವುಗಳ ವಿವರವನ್ನು ನೋಟುಪುಸ್ತಕದಲ್ಲಿ ದಾಖಲಿಸಿರಿ.